ಎದುರಿನವರ ಕೋಟು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಣ್ಣಯ್ಯಪ್ಪನವರ ಬಗ್ಗೆ ಹೇಳಹೊರಟರೆ ಅರ್ಧ ಕತೆ ನಾನು ಅವರ ಮೇಲೆ ರೇಗಿದ್ದೇ ಆಗುತ್ತದೆ. ಸೇಲಂನ ಒಂದು ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು, ನಾನು ರಸಾಯನಶಾಸ್ತ್ರದವಳು. ಹೆಸರು ಕಲೈವಾಣಿ. ಹೆಸರು ತಮಿಳಾದರೂ ಮನೆಮಾತು ಕನ್ನಡ, ನಮ್ಮದು ಮಗ್ಗದ ಮನೆ. ಅವರು ಪಾಪಿರೆಡ್ಡಿಪಟ್ಟಿ ಕಡೆಯ ಒಕ್ಕಲು ಮನೆಯವರು. ಸ್ಟಾಫ್ ರೂಮಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ, ಅದೂ ಹಕಾರ ನುಂಗಿ ‘ಹೇಳು’ ಅನ್ನುವುದನ್ನು ‘ಏಳು’ ಎನ್ನುವ ನಮ್ಮ ಕಡೆಯ ಕನ್ನಡ. ಮಧ್ಯಾಹ್ನ ಅವರು ಮುದ್ದೆಯ ಡಬ್ಬಿ ತೆಗೆದು, ನಾನು ಅನ್ನದ ಡಬ್ಬಿ ತೆಗೆದು, ಬಾಯಿ ತುಂಬ ಮಾತಾಡಿಕೊಂಡು ಊಟ ಮಾಡುತ್ತಿದ್ದರೆ ಉಳಿದವರಿಗೆಲ್ಲ ಅನುಮಾನ. ತಮ್ಮ ಮೇಲೆಯೇ ಚಾಡಿ ಹೇಳಿಕೊಳ್ಳುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು. ನಾವು ಮಾತಾಡುತ್ತಿದ್ದುದು ಹಲ್ಲಿಯ ಬಾಲದ ವಿಷಯ.

ಹೌದು, ಹಲ್ಲಿಯ ಬಾಲ. ಬಿದ್ದ ಮೇಲೂ ಅದು ಯಾಕೆ ಒದ್ದಾಡುತ್ತದೆ, ಆಗ ಅದಕ್ಕೆ ಜೀವ ಇದೆ ಎನ್ನಬೇಕೋ ಇಲ್ಲ ಎನ್ನಬೇಕೋ. ಇಂಥದ್ದನ್ನು ಅವರು ನನ್ನನ್ನೂ ಕೇಳುತ್ತಿದ್ದರು, ಟೌನ್ ಬಸ್ಸಿನ ಕಂಡಕ್ಟರನ್ನೂ ಕೇಳುತ್ತಿದ್ದರು. “ನಿಮ್ಗೆ ಏನ್ ಅನ್ಸುತ್ತೆ?” ಎಂದು ಕೇಳಿ, ಕತ್ತು ಒಂದು ಕಡೆ ಓರೆ ಮಾಡಿ, ಉತ್ತರ ಬರುವ ತನಕ ಕಾಯುತ್ತಿದ್ದರು. ಆ ಕಾಯುವುದನ್ನು ನೋಡಿಯೇ ನನಗೆ ಮೈ ಉರಿಯುತ್ತಿತ್ತು. ಉತ್ತರ ಗೊತ್ತಿದ್ದವರು ಹೇಳಿಬಿಡಬೇಕು, ಇಲ್ಲದಿದ್ದರೆ ಪುಸ್ತಕ ನೋಡಬೇಕು. ಬಸ್ಸಿನಲ್ಲಿ ಚಿಲ್ಲರೆಗೆ ಪರದಾಡುತ್ತಿರುವ ಮನುಷ್ಯನನ್ನು ಹಿಡಿದುಕೊಂಡು ಜೀವ ಎಂದರೇನು ಎಂದು ಕೇಳುತ್ತಾರೆಯೇ ಯಾರಾದರೂ?

ಅವರ ತಂದೆ ನಂಜಪ್ಪ ಊರಿಗೆ ಹಿರಿಯರಾಗಿದ್ದರಂತೆ. ಬಾವಿ ನೀರಿನ ಸರದಿ, ಬದುವಿನ ಮೇಲಿನ ಮರ, ಮೇಕೆ ಮೇಯ್ದ ರಾಗಿ ಪೈರು, ಇಂಥ ಜಗಳಗಳೆಲ್ಲ ಅವರ ಮನೆ ಮುಂದಿನ ಹುಣಸೆಮರದ ಕೆಳಗೆ ಬರುತ್ತಿದ್ದವು. ನಂಜಪ್ಪನವರದು ಒಂದೇ ಕಟ್ಟಳೆ. ಜಗಳವಾಡುವ ಇಬ್ಬರೂ ಹೆಗಲ ಮೇಲಿನ ಟವಲ್ ಬದಲಾಯಿಸಿಕೊಳ್ಳಬೇಕು. ಯಾರ ಟವಲ್ ಹೆಗಲಿಗೆ ಬಂತೋ ಅವರ ಪರವಾಗಿ, ಅವರೇ ಆಗಿ ಮಾತಾಡಬೇಕು. ಟವಲಿನ ಒಡೆಯ ತನ್ನ ಪರ ತಾನು ತುಟಿ ಬಿಚ್ಚುವ ಹಾಗಿಲ್ಲ. ಎದುರಿನವನು ಸರಿಯಾಗಿ ಹೇಳಿದರೆ “ಅದೇ” ಎನ್ನಬೇಕು, ತಪ್ಪಿದರೆ “ಅದಲ್ಲ” ಎನ್ನಬೇಕು, ಅಷ್ಟೇ. ಎರಡೂ ಕಡೆಯಿಂದ “ಅದೇ” ಬರುವ ತನಕ ತೀರ್ಪಿಲ್ಲ, ಯಾರೂ ಎದ್ದು ಹೋಗುವಂತಿಲ್ಲ.

“ಎಷ್ಟೋ ಸಲ ತೀರ್ಪೇ ಬೇಕಾಗ್ತಿರ್ಲಿಲ್ಲಮ್ಮ,” ಎಂದರು ಅಣ್ಣಯ್ಯಪ್ಪನವರು.

“ಮಿಕ್ಕಿದ್ ಸಲ?”

“ಮಿಕ್ಕಿದ್ ಸಲ ಇನ್ನೂ ಜಾಸ್ತಿ ಒಡ್ದಾಡ್ತಿದ್ರು. ಆದ್ರೆ ಯಾತಕ್ ಒಡ್ದಾಡ್ತಿದೀವಿ ಅಂತ ಗೊತ್ತಿದ್ದು ಒಡ್ದಾಡ್ತಿದ್ರು.”

ಈ ಹುಣಸೆಮರದ ಕಟ್ಟಳೆಯನ್ನು ಈ ಪುಣ್ಯಾತ್ಮರು ತಂದು ನಮ್ಮ ಕಾಲೇಜಿನ ಲ್ಯಾಬಿನೊಳಗೆ ಇಟ್ಟರು. ಟವಲಿನ ಬದಲು ಲ್ಯಾಬ್ ಕೋಟು. ಶನಿವಾರ ಮಧ್ಯಾಹ್ನ ಯಾರಾದರೂ “ಸಾರ್, ಇದನ್ನ ನಾನು ಒಪ್ಪಲ್ಲ” ಎಂದರೆ ಸಾಕು, ತಮ್ಮ ಕೋಟು ಬಿಚ್ಚಿ ಅವರಿಗೆ ಕೊಟ್ಟು, ಅವರ ಕೋಟು ತಾವು ಹಾಕಿಕೊಳ್ಳುತ್ತಿದ್ದರು. ಅಣ್ಣಯ್ಯಪ್ಪನವರದು ಆರಡಿ ದೇಹ. ಹುಡುಗಿಯರ ಕೋಟು ಮೊಣಕೈಗೇ ನಿಂತುಬಿಡುತ್ತಿತ್ತು. ಪಕ್ಕದ ಲ್ಯಾಬಿನಿಂದ ನೋಡಿದರೆ ಸರ್ಕಸ್ಸು ನಡೆದಂತೆ ಕಾಣುತ್ತಿತ್ತು.

ಒಂದು ವರ್ಷ ಶಕ್ತಿವೇಲ್ ಎಂಬ ಕನ್ನಡ ಮನೆಮಾತಿನ ವಿದ್ಯಾರ್ಥಿ ಎದ್ದು ನಿಂತು, ಮನುಷ್ಯನಿಗೂ ಕೋತಿಗೂ ಒಬ್ಬರೇ ಪೂರ್ವಜರು ಎನ್ನುವುದನ್ನು ನಾನು ಸತ್ತರೂ ಒಪ್ಪುವುದಿಲ್ಲ ಎಂದ. ಸರಿ, ದೊಡ್ಡ ಕೋಟು ಅವನ ಮೈಮೇಲೆ ಬಂತು. ವಿಕಾಸದ ಪರವಾಗಿ ಅವನು ಬಾಯಿ ತೆರೆದಾಗಲೆಲ್ಲ ಅಣ್ಣಯ್ಯಪ್ಪನವರು “ಅದಲ್ಲ” ಎನ್ನುತ್ತಿದ್ದರು. ಅವನು ಹಟಕ್ಕೆ ಬಿದ್ದು ಓದಿದ. ಮೂಳೆ ಓದಿದ, ಭ್ರೂಣ ಓದಿದ, ಕಡೆಗೊಂದು ಶನಿವಾರ “ಅದೇ” ಎನ್ನಿಸಿಕೊಂಡ. ಈಗ ಅದಿಯಮಾನ್‌ಕೋಟೆ ಕಡೆ ಸ್ಕೂಲಿನಲ್ಲಿ ಮೇಷ್ಟರು. ನಂಬಿಕೆ ಮಾತ್ರ ಹಿಂದಿನದೇ. “ಆ ಪಾಠ ಮಾಡೋವಾಗ ನಾನು ಸಾರ್ ಕೋಟ್ ಆಕ್ಕೊಂಡಿದೀನಿ ಅಂದ್ಕೊತೀನಿ ಮೇಡಂ. ಒಂದ್ ಸೊಲ್ಲೂ ಬಿಡಲ್ಲ,” ಎಂದು ನನ್ನ ಹತ್ತಿರವೇ ಹೇಳಿದ.

“ಅವ್ನು ಬದ್ಲಾಗ್ಲೇ ಇಲ್ವಲ್ಲಣ್ಣಾ, ಏನ್ ಬಂತು ಪ್ರಯೋಜ್ನ?” ಎಂದೆ.

“ಬದ್ಲಾಗು ಅಂತ ಅವ್ನಿಗ್ ಏಳಿದ್ಯಾರು?”

“ಭೂಮಿ ಚಪ್ಪಟೆ ಅಂತ ಒಬ್ಬ ಬಂದ್ರೆ ಅವ್ನ್ ಕೋಟೂ ಆಕ್ಕೊತೀರಾ?”

“ಆಕ್ಕೊತೀನಿ. ನೋಡಿ ಬಿಚ್ಚಾಕ್ತೀನಿ. ಆಕ್ಕೊಂಡೋರೆಲ್ಲ ಅದ್ರಲ್ಲೇ ಇದ್ಬಿಡ್ಬೇಕಾ?”

ಹೀಗೆ ಹೇಳಿ ಮುದ್ದೆ ಮುರಿದು ಸಾರಿಗೆ ಅದ್ದಿಬಿಡುತ್ತಿದ್ದರು. ನಾನು ಅನ್ನ ಕಲಸುತ್ತಾ ಉರಿದುಕೊಳ್ಳುತ್ತಿದ್ದೆ. ನನ್ನ ತಂದೆ ಕರಿ ಅಂಗಿ ತೊಟ್ಟು ಪಗುತ್ತರಿವಿನ ಸಭೆಗಳಿಗೆ, ಅಂದರೆ ದೇವರಿಲ್ಲ, ಬುದ್ಧಿ ಬಳಸಿ ಎನ್ನುವವರ ಸಭೆಗಳಿಗೆ ಹೋಗುತ್ತಿದ್ದವರು. ಬೀದಿಯೆಲ್ಲ ಚೌಡೇಶ್ವರಿ ಅಮ್ಮನ ಹಬ್ಬ ಮಾಡುತ್ತಿದ್ದರೆ ನಮ್ಮ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ನಾನೂ ಅದೇ ದಾರಿಯವಳು. ರೇಗಿದಾಗ ಮಾತ್ರ “ಅಯ್ಯೋ ಶಿವನೇ” ಎಂದು ಬಾಯಿಗೆ ಬಂದುಬಿಡುತ್ತದೆ. ಅದಕ್ಕೇ ಕಾದು ಕೂತಿದ್ದವರಂತೆ ಅಣ್ಣಯ್ಯಪ್ಪನವರು, “ಯಾರ್ನ ಕರೀತಿದೀಯಮ್ಮ?” ಎನ್ನುತ್ತಿದ್ದರು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಜೀವಿಗಳು ಬದಲಾಗುತ್ತಾ ಬಂದವು ಎನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದರ ಪಾಠವನ್ನು ಅವರಷ್ಟು ಚೆನ್ನಾಗಿ ಮಾಡುವವರನ್ನು ನಾನು ನೋಡಿಲ್ಲ. ಆದರೆ ಮೊಟ್ಟಮೊದಲ ಜೀವ ಎಲ್ಲಿಂದ ಬಂತು ಎಂದರೆ, “ಅದು ಬೇರೆ ಪ್ರಶ್ನೆ, ಅದಕ್ಕಿನ್ನೂ ಯಾರತ್ರಾನೂ ಪೂರ್ತಿ ಉತ್ರ ಇಲ್ಲ” ಎನ್ನುತ್ತಿದ್ದರು. ನಿಮಗೇನನ್ನಿಸುತ್ತದೆ ಎಂದು ತಿರುಗಿ ಕೇಳಿದರೆ ನಗುತ್ತಿದ್ದರು, ಇಲ್ಲವೇ ಡಬ್ಬಿ ತೊಳೆಯಲು ಎದ್ದು ಹೋಗುತ್ತಿದ್ದರು.

ಅವರ ಕಡೆಯ ವಿದ್ಯಾರ್ಥಿನಿ ರೋಜಾ. ನಮ್ಮ ಬೀದಿಯಿಂದ ನಾಲ್ಕು ಬೀದಿ ಆಚೆಯ ಮಗ್ಗದ ಮನೆಯ ಹುಡುಗಿ. ಪಿಎಚ್‌ಡಿ ಮಾಡಲು ಬಂದಾಗ ತಾನೇ ವಿಷಯ ಹುಡುಕಿಕೊಂಡು ಬಂದಿದ್ದಳು. ಸೇಲಂ ಹೊರಗೆ ಬಿಳಿ ಕಲ್ಲಿನ ಗಣಿಗಳಿವೆಯಲ್ಲ, ರೈಲಿನಲ್ಲಿ ಹೋಗುವವರಿಗೂ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ, ಅಲ್ಲಿನ ಬಿಳಿ ಕಲ್ಲು, ಹಸಿರು ಕಲ್ಲು ತಂದು ಪುಡಿ ಮಾಡಿದಳು. ಜೀವವಿಲ್ಲದ ಭೂಮಿಯ ಮೇಲೆ ಇಂಥ ಕಲ್ಲು, ಬಿಸಿನೀರು, ಒಂದಿಷ್ಟು ಸರಳ ರಾಸಾಯನಿಕಗಳು ಇದ್ದವು. ಕಲ್ಲಿನ ಮೇಲೆ ಅವು ನೆನೆದು ಒಣಗಿ, ನೆನೆದು ಒಣಗಿ, ಒಂದಕ್ಕೊಂದು ಕೂಡಿಕೊಂಡು ಸರಪಳಿಯಾಗುತ್ತವೆಯೇ? ಆ ಸರಪಳಿ ತನ್ನಂಥದೇ ಇನ್ನೊಂದನ್ನು ಮಾಡಿಕೊಳ್ಳುವ ಮಟ್ಟಕ್ಕೆ ಹೋಗುತ್ತದೆಯೇ? ಇದು ಅವಳ ಪ್ರಶ್ನೆ. ರಸಾಯನದ ಕೆಲಸ ಹೆಚ್ಚಿದ್ದರಿಂದ ಅವಳ ಡಾಕ್ಟರಲ್ ಕಮಿಟಿಗೆ ನನ್ನನ್ನೂ ಹಾಕಿದರು. ಇನ್ನೊಬ್ಬ ಸದಸ್ಯರು ಹೊರಗಿನವರು, ಕೊಯಮತ್ತೂರಿನ ಡಾಕ್ಟರ್ ಲಕ್ಷ್ಮಣನ್.

ಕೆಲಸ ಚೊಕ್ಕವಾಗಿತ್ತು. ಬರಿಯ ನೀರಿನಲ್ಲಿ ಆಗದ ಸಣ್ಣ ಸರಪಳಿಗಳು ಹಸಿರು ಕಲ್ಲಿನ ಪುಡಿಯ ಮೇಲೆ ಆದವು. ಅದು ಒಳ್ಳೆಯ ಫಲಿತಾಂಶ, ಎಲ್ಲಿಗೆ ಕಳಿಸಿದರೂ ತೆಗೆದುಕೊಳ್ಳುವಂಥದ್ದು. ಅದಕ್ಕಿಂತ ಮುಂದಕ್ಕೆ ಮಾತ್ರ ಹೋಗಲಿಲ್ಲ. ಕಲ್ಲು ಬದಲಾಯಿಸಿದಳು, ಶಾಖ ಬದಲಾಯಿಸಿದಳು, ಉಪ್ಪು ಬದಲಾಯಿಸಿದಳು. ಆಗಲಿಲ್ಲ. ಅದೂ ಸಹಜವೇ, ಪ್ರಪಂಚದಲ್ಲಿ ಯಾರಿಗೂ ಆಗಿಲ್ಲ.

ಆಮೇಲೆ ಪ್ರಬಂಧ ಬರೆದಳು. ಓದುತ್ತಾ ಓದುತ್ತಾ ನಾನು ಖುಷಿಯಾಗಿದ್ದೆ. ಕೊನೆಯ ಪುಟ ಬಂತು. ‘ಈ ಪ್ರಯೋಗಗಳನ್ನು ಮಾಡಿದ ಮೇಲೆ, ಜೀವ ತಾನಾಗಿ ಹುಟ್ಟಿದ್ದಲ್ಲ, ಅದರ ಹಿಂದೆ ಒಂದು ಉದ್ದೇಶವಿದೆ ಎಂದು ನನಗೆ ಅನ್ನಿಸುತ್ತದೆ’ ಎಂದು ಬರೆದಿದ್ದಳು. ನನಗೆ ತಲೆ ಕೆಟ್ಟುಹೋಯಿತು. ಹಾಳೆ ಹಿಡಿದುಕೊಂಡು ನೇರ ಲ್ಯಾಬಿಗೆ ಹೋದೆ.

“ಏನೇ ಇದು? ಥೀಸಿಸ್ ಬರ್ದಿದೀಯೋ ಭಜನೆ ಬರ್ದಿದೀಯೋ?”

ರೋಜಾ ತಲೆ ತಗ್ಗಿಸಿ ನಿಂತಳು. ಅಣ್ಣಯ್ಯಪ್ಪನವರು ಅಲ್ಲೇ ಇದ್ದರು. ನಾನು ಅವರ ಕಡೆ ತಿರುಗಿದೆ. “ನೀವ್ ಇದನ್ನ ಒಪ್ಪುದ್ರಾ ಅಣ್ಣಾ?”

“ಇಲ್ಲ. ಪ್ರಯೋಗ ಏಳ್ದೇ ಇರೋದನ್ನ ಬರ್ದವ್ಳೆ. ಅವ್ಳಿಗೂ ಏಳಿದೀನಿ.”

“ಮತ್ತೆ ಅರ್ದ್ ಬಿಸಾಕ್ಸಿ!”

“ಅನ್ಸುತ್ತೆ ಅಂತ ಬರ್ದವ್ಳೆ ಕಣಮ್ಮ. ಕಂಡೆ ಅಂತ ಬರ್ದಿದ್ರೆ ನಾನೇ ಅರೀತಿದ್ದೆ.”

ವಿಷಯ ಲಕ್ಷ್ಮಣನ್ ಅವರ ಕಿವಿಗೂ ಹೋಯಿತು. ಫೋನಿನಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದರು, ಆ ಪುಟ ಇದ್ದರೆ ನನ್ನ ಸಹಿ ಇಲ್ಲ ಎಂದು. ಅವರ ಸಹಿ ಇಲ್ಲದೆ ಪ್ರಬಂಧ ಯೂನಿವರ್ಸಿಟಿಗೆ ಹೋಗುವಂತಿಲ್ಲ. ಮೇ ತಿಂಗಳಲ್ಲಿ ಅಣ್ಣಯ್ಯಪ್ಪನವರು ನಿವೃತ್ತರಾಗುತ್ತಾರೆ, ಅದರ ಹಿಂದೆಯೇ ರೋಜಾಳ ನೋಂದಣಿಯ ಅವಧಿಯೂ ಮುಗಿಯುತ್ತದೆ. ಈ ಸಲ ತಪ್ಪಿದರೆ ಅಷ್ಟು ವರ್ಷದ ಕೆಲಸ ಮಣ್ಣುಪಾಲು, ಪದವಿ ಇಲ್ಲ. ಒಂದು ಪುಟ ತೆಗೆದರೆ ಎಲ್ಲ ಸರಿಹೋಗುತ್ತಿತ್ತು. ನಾನು ಅವಳನ್ನು ಕೂರಿಸಿಕೊಂಡು ಮೆತ್ತಗೆ ಹೇಳಿ ನೋಡಿದೆ, ಗದರಿ ನೋಡಿದೆ.

“ಮಿಕ್ಕಿದ್ ಪುಟದಲ್ಲಿ ಕಂಡಿದ್ದು ಬರ್ದಿದೀನಿ ಮೇಡಂ, ಇದ್ರಲ್ಲಿ ಅನ್ಸಿದ್ದು ಬರ್ದಿದೀನಿ,” ಎಂದಳು. “ಇದನ್ನ ಬಯಕ್ಕೆ ತೆಗುದ್ರೆ, ಅದನ್ನೂ ಬಯದಲ್ಲೇ ಬರ್ದೆ ಅಂತ ಆಗಲ್ವಾ?”

ಎಂಥ ಹಟಮಾರಿ! ಅಯ್ಯೋ ಶಿವನೇ ಎಂದೆ. ಅದೃಷ್ಟಕ್ಕೆ ಅಣ್ಣಯ್ಯಪ್ಪನವರು ಅಲ್ಲಿರಲಿಲ್ಲ.

ಕಮಿಟಿ ಸೇರುವ ದಿನ ಲಕ್ಷ್ಮಣನ್ ಕೊಯಮತ್ತೂರಿನಿಂದ ಬಂದರು. ಸಣ್ಣಗಿನ, ಅಚ್ಚುಕಟ್ಟಾದ ಮನುಷ್ಯ, ಹಣೆ ತುಂಬ ವಿಭೂತಿ. ಪದ್ಧತಿಯಂತೆ ಪ್ರಿನ್ಸಿಪಾಲರು ಬಂದು ಅವರಿಗೆ ಪೊನ್ನಾಡೈ ಹೊದಿಸಿ, ಫೋಟೊ ತೆಗೆಸಿಕೊಂಡು ಹೋದರು. ಪೊನ್ನಾಡೈ ಎಂದರೆ ಅತಿಥಿಗಳಿಗೆ ಹೊದಿಸುವ ಜರಿ ಶಾಲು. ನಮ್ಮ ಕಡೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಮೀಟಿಂಗ್ ನಡೆದದ್ದು ತಮಿಳಿನಲ್ಲಿ, ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ರೋಜಾ ತನ್ನ ಕೆಲಸ ವಿವರಿಸಿದಳು. ಲಕ್ಷ್ಮಣನ್ ಚೆನ್ನಾಗಿ ಕೇಳಿದರು, ಒಳ್ಳೆಯ ಪ್ರಶ್ನೆ ಹಾಕಿದರು, ಒಂದೆರಡು ಕಡೆ ‘ಸಬಾಷ್’ ಎಂದರು. ಕೊನೆಗೆ ಕನ್ನಡಕ ತೆಗೆದು, “ಆ ಪುಟ?” ಎಂದರು.

“ಇದೆ ಸಾರ್,” ಎಂದಳು ರೋಜಾ.

“ಹಾಗಾದರೆ ನನ್ನ ಪೆನ್ನು ಜೇಬಿನಲ್ಲೇ ಇರುತ್ತದೆ.”

ಆಗ ಅಣ್ಣಯ್ಯಪ್ಪನವರು ಎದ್ದು ಆ ಎಡವಟ್ಟು ಮಾಡಿದರು. ನಗುನಗುತ್ತಾ ಲಕ್ಷ್ಮಣನ್ ಹತ್ತಿರ ಹೋಗಿ, “ಸಾರ್, ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ನೀವು ಕೋಟು ಹಾಕಿಲ್ಲ. ಪರವಾಗಿಲ್ಲ, ಆ ಪೊನ್ನಾಡೈ ಬಿಚ್ಚಿ ಹುಡುಗಿಗೆ ಕೊಡಿ. ಅವಳ ಕೋಟು ನೀವು ಹಾಕಿಕೊಳ್ಳಿ” ಎಂದರು. ಹೊದಿಸಿ ಇನ್ನೂ ಬಿಸಿ ಆರದ ಶಾಲನ್ನು ಅತಿಥಿಯ ಮೈಯಿಂದ ತೆಗೆಯಿರಿ ಎಂದರೆ ಯಾರು ತಾನೇ ಸುಮ್ಮನಿರುತ್ತಾರೆ? ಹುಣಸೆಮರದ ಕೆಳಗೆ ಬೆಳೆದವರಿಗೆ ಟವಲೂ ಒಂದೇ, ಪೊನ್ನಾಡೈಯೂ ಒಂದೇ.

ಲಕ್ಷ್ಮಣನ್ ಮುಖ ಕೆಂಪಾಯಿತು. “ಏನ್ರೀ ಇದು? ಕರೆಸಿ ಅವಮಾನ ಮಾಡುತ್ತೀರಾ?” ಎಂದವರೇ ಶಾಲು ತೆಗೆದು ಕುರ್ಚಿಯ ಮೇಲೆ ಎಸೆದು ಬ್ಯಾಗಿಗೆ ಕೈ ಹಾಕಿದರು. ಅಣ್ಣಯ್ಯಪ್ಪನವರು ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟರು. ತಾವೇನು ತಪ್ಪು ಮಾಡಿದೆವೆಂದೇ ಅವರಿಗೆ ತಿಳಿಯಲಿಲ್ಲ. ರೋಜಾಳ ಕಣ್ಣು ತುಂಬಿತು. ಈ ಮನುಷ್ಯ ಬಾಗಿಲು ದಾಟಿದರೆ ಅವಳ ಪದವಿಯೂ ಬಾಗಿಲು ದಾಟಿದಂತೆ. ನನಗೆ ಎಲ್ಲರ ಮೇಲೂ ಒಟ್ಟಿಗೆ ಕೋಪ ಬಂತು. ಎದ್ದು ಬಾಗಿಲಿಗೆ ಅಡ್ಡ ನಿಂತೆ.

“ಕೂತುಕೊಳ್ಳಿ ಸಾರ್! ನೀವು ಏನೂ ಬಿಚ್ಚುವುದು ಬೇಡ, ಏನೂ ತೊಡುವುದು ಬೇಡ. ಅವಳ ಕೋಟು ನಾನು ಹಾಕಿಕೊಳ್ಳುತ್ತೇನೆ. ಆ ಪುಟವನ್ನು ಒಪ್ಪದಿರುವುದರಲ್ಲಿ ನಾನು ನಿಮಗಿಂತ ಒಂದು ಕೈ ಮೇಲು. ನೀವು ಟೀ ಕುಡಿಯುತ್ತಾ ಕೇಳಿ. ಆಮೇಲೆ ಬೇಕಾದರೆ ಹೊರಡಿ.”

ನನ್ನ ಗಂಟಲಿಗೆ ಹೆದರಿಯೋ ಟೀಯ ಆಸೆಗೋ, ಅವರು ಕೂತರು. ಅಣ್ಣಯ್ಯಪ್ಪನವರು ಕಟ್ಟಳೆಯನ್ನು ಅವರಿಗೆ ಸಾವಧಾನವಾಗಿ ವಿವರಿಸಿ ಕ್ಷಮೆ ಕೇಳಿದರು. ರೋಜಾ ಕಡ್ಡಿಯಂಥ ಹುಡುಗಿ, ಅವಳ ಕೋಟು ನನ್ನ ತೋಳಿಗೆ ಹತ್ತುವುದೇ ಕಷ್ಟವಾಯಿತು. ಹೇಗೋ ತೂರಿಸಿಕೊಂಡು ನಿಂತು ಶುರು ಮಾಡಿದೆ.

“ನಾನು ರೋಜಾ. ನಮ್ಮ ಮನೆಯಲ್ಲಿ ಎಲ್ಲರೂ ಚೌಡೇಶ್ವರಿ ಅಮ್ಮನ ಒಕ್ಕಲು. ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದೆ. ಆದ್ದರಿಂದ ಹಾಗೆ ಬರೆದೆ.”

“ಅದಲ್ಲ ಮೇಡಂ,” ಎಂದಳು ರೋಜಾ.

“ನಾನು ರೋಜಾ. ವಿಜ್ಞಾನಕ್ಕೆ ಗೊತ್ತಿಲ್ಲದ ಸಂದಿ ಕಂಡಲ್ಲೆಲ್ಲ ದೇವರನ್ನು ತುರುಕುವುದು ನನಗೆ ಅಭ್ಯಾಸ.”

“ಅದಲ್ಲ.”

“ಕೋಟ್ ಆಕ್ಕೊಂಡು ಬೈಬಾರ್ದಮ್ಮ,” ಎಂದು ಅಣ್ಣಯ್ಯಪ್ಪನವರು ಮೆಲ್ಲಗೆ ಕನ್ನಡದಲ್ಲಿ ಹೇಳಿದರು.

“ಮತ್ತೆ ಏನೇ ನಿಂದು? ಬಾಯ್ಬಿಟ್ಟು ಏಳು!”

ಅವಳು ಹೇಳುವಂತಿರಲಿಲ್ಲ. ತುಟಿ ಕಚ್ಚಿಕೊಂಡು ನನ್ನನ್ನೇ ನೋಡಿದಳು. ಲಕ್ಷ್ಮಣನ್ ಟೀ ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿ ಕೂತಿದ್ದರು. ನಾನು ಮೊಟ್ಟಮೊದಲ ಬಾರಿಗೆ ಈ ಹುಡುಗಿ ಏನು ಯೋಚಿಸಿರಬಹುದು ಎಂದು ಯೋಚಿಸಿದೆ. ನಾನು ಬೆಳಿಗ್ಗೆ ಬೇಗ ಲ್ಯಾಬಿಗೆ ಬರುವವಳು. ಅವಳು ಬರುವುದನ್ನು ಎಷ್ಟೋ ದಿನ ನೋಡಿದ್ದೇನೆ. ಹೆಗಲ ಬ್ಯಾಗು ಇಳಿಸುತ್ತಿರಲಿಲ್ಲ, ದೀಪ ಹಾಕುತ್ತಿರಲಿಲ್ಲ, ನೇರ ಹೋಗಿ ಬಾಗಿ ಫ್ಲಾಸ್ಕ್ ನೋಡುತ್ತಿದ್ದಳು. ತೊಟ್ಟಿಲಲ್ಲಿ ಮಗು ಎದ್ದಿದೆಯೋ ಇಲ್ಲವೋ ಎಂದು ನೋಡುವ ಹಾಗೆ. ಆಮೇಲೆ ಸುಮ್ಮನೆ ಬ್ಯಾಗು ಇಳಿಸಿ, ಫ್ಲಾಸ್ಕ್ ತೊಳೆಯಲು ಹೋಗುತ್ತಿದ್ದಳು. ದೇವರು ಬೇಕಾಗಿದ್ದವಳು ಹಾಗೆ ನೋಡುವುದಿಲ್ಲ.

“ನಾನು ರೋಜಾ,” ಎಂದೆ. ಈ ಸಲ ನನ್ನ ದನಿ ಯಾಕೋ ತಗ್ಗಿತು. “ಇದು ಆಗಲಿ ಎಂದು ನಿಮ್ಮೆಲ್ಲರಿಗಿಂತ ಹೆಚ್ಚಾಗಿ ಆಸೆಪಟ್ಟವಳು ನಾನು. ದಿನಾ ಬೆಳಿಗ್ಗೆ ಇವತ್ತು ಆಗಿರುತ್ತದೆ ಎಂದುಕೊಂಡೇ ಬಂದೆ. ಆಗದಿದ್ದಾಗಲೆಲ್ಲ ನೀವು ‘ಇನ್ನೂ ಆಗಿಲ್ಲ’ ಎಂದಿರಿ. ‘ಆಗುವುದಿಲ್ಲ’ ಎಂದು ಯಾವಾಗ ಹೇಳಬಹುದು, ಏನು ಕಂಡರೆ ಹೇಳಬಹುದು ಎಂದು ಯಾರೂ ಹೇಳಲಿಲ್ಲ. ಏನು ಕಂಡರೂ ನೀವು ಹಾಗೆ ಹೇಳುವುದಿಲ್ಲ ಎಂದರೆ ಅದು ನಿಮ್ಮ ನಂಬಿಕೆ. ನನಗೂ ಒಂದು ನಂಬಿಕೆ ಬಂತು. ನಾನು ಅದನ್ನು ಮುಚ್ಚಿಡದೆ, ‘ಅನ್ನಿಸುತ್ತದೆ’ ಎಂದು ನನ್ನ ಹೆಸರು ಹಾಕಿ ಬರೆದೆ.”

ರೋಜಾ ಅಳುತ್ತಿದ್ದಳು. “ಅದೇ ಮೇಡಂ,” ಎಂದಳು. “ಅದೇ.”

ಅವಳ ಅಭಿಪ್ರಾಯ ಆಗಲೂ ತಪ್ಪೆಂದೇ ನನ್ನ ಎಣಿಕೆ, ಈಗಲೂ ಅಷ್ಟೇ. ಆದರೆ ತಪ್ಪು ಎಂದು ನಾನು ಅಷ್ಟು ದಿನ ಬೈದದ್ದು ಅವಳ ಅಭಿಪ್ರಾಯವನ್ನಲ್ಲ, ನಾನೇ ಕಟ್ಟಿಕೊಂಡಿದ್ದ ಇನ್ನೊಂದನ್ನು.

ಈಗ ಅವಳ ಸರದಿ. ಕುರ್ಚಿಯ ಮೇಲಿದ್ದ ಶಾಲನ್ನು ತೆಗೆದುಕೊಂಡು, “ಸಾರ್, ಹಾಕಿಕೊಳ್ಳಲಾ?” ಎಂದು ಕೇಳಿದಳು. ಲಕ್ಷ್ಮಣನ್ ಭುಜ ಕುಣಿಸಿದರು. ಅವಳು ಅದನ್ನು ಹೊದ್ದುಕೊಳ್ಳದೆ, ಟವಲಿನ ಹಾಗೆ ಮಡಚಿ ಹೆಗಲ ಮೇಲೆ ಹಾಕಿಕೊಂಡಳು.

“ನಾನು ಲಕ್ಷ್ಮಣನ್. ನನಗೆ ದೇವರ ಮೇಲೆ ಕೋಪವಿಲ್ಲ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ಲ್ಯಾಬಿಗೆ ಹೋಗುತ್ತೇನೆ. ಆದರೆ ಲ್ಯಾಬಿನೊಳಗೆ ಹೋದ ಮೇಲೆ ದೇವರನ್ನು ಉತ್ತರವಾಗಿ ಬರೆದುಕೊಳ್ಳುವುದಿಲ್ಲ. ಯಾಕೆಂದರೆ ಉತ್ತರ ಸಿಕ್ಕಿತು ಎಂದ ದಿನ ನಾನು ಫ್ಲಾಸ್ಕ್ ತೊಳೆಯುವುದನ್ನು ನಿಲ್ಲಿಸುತ್ತೇನೆ. ‘ಇನ್ನೂ ಆಗಿಲ್ಲ’ ಎನ್ನುವ ಮಾತೇ ನನ್ನ ಕೈಯಲ್ಲಿ ಫ್ಲಾಸ್ಕ್ ತೊಳೆಸುತ್ತಿರುವುದು. ಈ ಹುಡುಗಿಯ ಪುಟದ ಕೆಳಗೆ ನಾನು ಸಹಿ ಹಾಕಿದರೆ, ನಾಳೆ ಬರುವ ಹುಡುಗಿ ಅದನ್ನು ಓದಿ ತೊಳೆಯದೆ ಮನೆಗೆ ಹೋಗುತ್ತಾಳೆ. ಯಾರೋ ಒಬ್ಬ ಆ ಪುಟ ಎತ್ತಿ ಹಿಡಿದು, ನೋಡಿ, ಯೂನಿವರ್ಸಿಟಿಯೇ ಒಪ್ಪಿದೆ ಎನ್ನುತ್ತಾನೆ. ನನ್ನ ಹೆದರಿಕೆ ಅದು.”

ಲಕ್ಷ್ಮಣನ್ ಜೇಬಿನಿಂದ ಕರ್ಚೀಫು ತೆಗೆದರು. ಕನ್ನಡಕ ಒರೆಸಿದರು. ಆಮೇಲೆ, “ಅದು ದಾನ್,” ಎಂದರು, ತಮಿಳಿನಲ್ಲಿ ಅದೇ ‘ಅದೇ’. “ಅದೇ ದಾನ್ ಮಾ. ನಾನೇ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.”

ಆ ಮೇಲಿನದು ಜಗಳವಲ್ಲ, ಕೆಲಸ. ಇನ್ನೊಂದು ಸುತ್ತು ಟೀ ಬಂತು, ಜೊತೆಗೆ ಕ್ಯಾಂಟೀನಿನ ಬಜ್ಜಿ. ಪುಟ ಇರಲಿ, ಆದರೆ ಫಲಿತಾಂಶದ ಅಧ್ಯಾಯದಿಂದ ಹೊರಗೆ, ಸಂಶೋಧಕಿಯ ಸ್ವಂತ ಅಭಿಪ್ರಾಯ ಎಂಬ ತಲೆಬರಹದ ಕೆಳಗೆ ಇರಲಿ ಎಂದರು ಲಕ್ಷ್ಮಣನ್. ಪ್ರಯೋಗ ಇದನ್ನು ತೋರಿಸಿಲ್ಲ ಎಂದು ಅವಳೇ ಮೊದಲ ಸಾಲಿನಲ್ಲಿ ಬರೆಯಬೇಕು. ಏನು ಕಂಡರೆ ಈ ಅಭಿಪ್ರಾಯ ಬಿಡುತ್ತೀಯ ಎಂಬುದನ್ನೂ ಬರೆಯಬೇಕು. “ಬರೆಯುತ್ತೇನೆ ಸಾರ್,” ಎಂದ ರೋಜಾ, ಒಂದು ಕ್ಷಣ ತಡೆದು, “ಸಾರ್, ನೀವು ಏನು ಕಂಡರೆ ನಿಮ್ಮದನ್ನು ಬಿಡುತ್ತೀರಿ?” ಎಂದು ಕೇಳಿಯೇಬಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ, ಮತ್ತೆ ಬ್ಯಾಗಿಗೆ ಕೈ ಹಾಕುತ್ತಾರೆ ಎಂದು. ಲಕ್ಷ್ಮಣನ್ ನಕ್ಕರು. ಒಂದು ಹಾಳೆ ಕೇಳಿ ತೆಗೆದುಕೊಂಡು, ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ ಎಂದು ಕಾರಣ ಸಮೇತ ಬರೆದರು. ಅವಳ ಪ್ರಶ್ನೆಗೆ ಮಾತ್ರ ಪೆನ್ನು ನಿಂತಿತು. ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಹಾಳೆಯನ್ನು ಪ್ರಬಂಧದಲ್ಲಿ ಅವಳ ಪುಟದ ಎದುರಿಗೇ ಸೇರಿಸಿ ಎಂದರು. ಆಮೇಲೆ ಸಹಿ ಹಾಕಿದರು.

“ಸಹಿ ಬೇರೆ, ಒಪ್ಪಿಗೆ ಬೇರೆ,” ಎಂದರು ನನ್ನ ಕಡೆ ನೋಡಿ. ಹೊರಡುವಾಗ ರೋಜಾ ಶಾಲು ಹಿಂದಕ್ಕೆ ಕೊಡಲು ಹೋದಳು. “ಅದು ನಿನ್ನ ಹತ್ತಿರವೇ ಇರಲಿ ಮಾ,” ಎಂದು ರೈಲಿಗೆ ಹೋದರು.

ರೋಜಾ ಈಗ ಡಾಕ್ಟರ್ ರೋಜಾ. ಹಸಿರು ಕಲ್ಲಿನ ಪುಡಿಯ ಕೆಲಸ ಬಿಟ್ಟಿಲ್ಲ. ತಾನಾಗಿ ಆಗುವುದಿಲ್ಲ ಎಂದು ಬರೆದವಳು ದಿನಾ ಫ್ಲಾಸ್ಕ್ ಯಾಕೆ ತೊಳೆಯುತ್ತೀಯೇ ಎಂದರೆ, “ಏನು ಕಂಡರೆ ಬಿಡ್ತೀನಿ ಅಂತ ಬರ್ದಿದೀನಲ್ಲ ಮೇಡಂ, ಅದನ್ನ ಉಡುಕ್ಬೇಡ್ವಾ?” ಎನ್ನುತ್ತಾಳೆ.

ಆ ಮೇ ತಿಂಗಳಲ್ಲೇ ಅಣ್ಣಯ್ಯಪ್ಪನವರ ಬೀಳ್ಕೊಡುಗೆ ಆಯಿತು. ಭಾಷಣ, ಪೊನ್ನಾಡೈ ಮೇಲೆ ಪೊನ್ನಾಡೈ. ಎಲ್ಲ ಮುಗಿದು ಅವರು ಲ್ಯಾಬಿನಲ್ಲಿ ತಮ್ಮ ಡಬ್ಬಿ, ಛತ್ರಿ ಎತ್ತಿಕೊಳ್ಳುತ್ತಿದ್ದಾಗ ನಾನು ಹಿಂದೆಯೇ ಹೋದೆ.

“ಇವತ್ತಾದ್ರೂ ಏಳಿ ಅಣ್ಣಾ. ಮೊದುಲ್ನೇ ಜೀವ ಎಂಗ್ ಬಂತು? ನಿಮ್ಗೇನನ್ಸುತ್ತೆ?”

ಅವರು ನಗಲಿಲ್ಲ, ಡಬ್ಬಿ ತೊಳೆಯಲು ಹೋಗಲಿಲ್ಲ. ಕತ್ತು ಓರೆ ಮಾಡಿ ನನ್ನನ್ನು ನೋಡಿದರು. ಆಮೇಲೆ ಗೂಟದಲ್ಲಿದ್ದ ತಮ್ಮ ಕೋಟು ತೆಗೆದು ನನ್ನ ಕೈಗೆ ಕೊಟ್ಟರು.

“ನೀನೇ ಏಳಮ್ಮ.”

ಇದೇನು ಮಹಾ ಎಂದು ಹಾಕಿಕೊಂಡೆ. ಮೊಣಕಾಲಿನ ಕೆಳಗೆ ಬಂತು. “ನಾನು ಅಣ್ಣಯ್ಯಪ್ಪ,” ಎಂದು ಶುರು ಮಾಡಿ ನಿಂತೆ. ಅಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದೇನೆ. ಅವರಿಗೆ ಯಾವ ಸಾರು ಸೇರುತ್ತದೆ, ಯಾವ ಬಸ್ಸು ಹಿಡಿಯುತ್ತಾರೆ, ಎಲ್ಲ ಗೊತ್ತು. ಶಕ್ತಿವೇಲನ ಮಾತು, ರೋಜಾಳ ಮಾತು, ನನ್ನ ಮಾತು, ಎಲ್ಲರದನ್ನೂ ಅವರು ಹಾಕಿಕೊಂಡು ನೋಡಿದ್ದರು. ಅವರ ಕೋಟು ತೊಟ್ಟವರೆಲ್ಲ ಪುಸ್ತಕದ ಮಾತು ಹೇಳಿ ಬಿಚ್ಚಿಟ್ಟು ಹೋಗಿದ್ದರು. ಅವರು ಏನೆಂದುಕೊಂಡಿದ್ದಾರೆ ಎಂದು ಹೇಳಲು ಆ ಕೋಟು ತೊಟ್ಟವರು ಒಬ್ಬರೂ ಇರಲಿಲ್ಲ.

“ಎಲ್ಲಾ ರಸಾಯನ ಕ್ರಿಯೆ, ಇವತ್ತಲ್ಲ ನಾಳೆ ಗೊತ್ತಾಗುತ್ತೆ ಅಂತ ನಿಮ್ಗನ್ಸುತ್ತೆ,” ಎಂದೆ, ಏನೋ ಒಂದು ಹೇಳಬೇಕಲ್ಲ ಎಂದು.

“ಅದಲ್ಲ.”

“ಯಾರ್ಗೂ ಯಾವತ್ತೂ ಗೊತ್ತಾಗಲ್ಲ ಅಂತ.”

“ಅದಲ್ಲ,” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಬೇಜಾರಿಗಲ್ಲ, ಅವರಿಗೆ ಬಹಳ ಖುಷಿಯಾಗಿತ್ತು. ಛತ್ರಿ ಹಿಡಿದು ಹೊರಟರು. ಕೋಟು ಬೇಡವೇ ಎಂದರೆ, ಆಟ ಇನ್ನೂ ಮುಗಿದಿಲ್ಲವಲ್ಲ ಎಂದರು.

ಕೋಟು ಈಗ ನನ್ನ ಹತ್ತಿರ ಇದೆ. ಆಗಾಗ ಭಾನುವಾರ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮಂಜವಾಡಿ ಕಣಿವೆಯ ಮೇಲೆ ಹೋಗುವ ಅರೂರು ಬಸ್ಸು ಹತ್ತಿ ಪಾಪಿರೆಡ್ಡಿಪಟ್ಟಿಯಲ್ಲಿ ಇಳಿಯುತ್ತೇನೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತೇನೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಹೆಂಗಸನ್ನೂ ಕೇಳಿಬಿಟ್ಟೆ, ನಿಮಗೆ ಏನನ್ನಿಸುತ್ತದೆ ಎಂದು. ಹುಣಸೆಮರದ ಕೆಳಗೆ ಕೋಟು ತೊಟ್ಟು ನಿಂತು ಹೇಳುತ್ತೇನೆ, ಅವರು ಕತ್ತು ಓರೆ ಮಾಡಿ ಕೇಳುತ್ತಾರೆ, “ಅದಲ್ಲಮ್ಮ” ಎನ್ನುತ್ತಾರೆ, ಊಟಕ್ಕೆ ಏಳುತ್ತೇವೆ. ಹೋದ ಸಲ ಮಾತ್ರ, “ಅದಲ್ಲ” ಎನ್ನುವ ಮೊದಲು ಅವರು “ಇನ್ನೊಂದ್ ಸಲ ಏಳಮ್ಮ” ಎಂದರು.